ಹನಾ ಬಸ್ಸಿನ ಬಲಬದಿ

ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ‘ಕೂಸಪ್ಪ ಆರ್ಟ್ಸ್’ ಎಂಬ ಬೋರ್ಡು ಇತ್ತು. ಅದರ ಕೆಳಗೆ ಕುಳಿತುಕೊಳ್ಳುತ್ತಿದ್ದ ಕೂಸಪ್ಪನಿಗೆ ತನ್ನನ್ನು ಯಾರಾದರೂ ಪೈಂಟರ್ ಎಂದರೆ ಆಗುತ್ತಿರಲಿಲ್ಲ. ಪೈಂಟರ್ ಎಂದರೆ ಗೋಡೆಗೆ ಸುಣ್ಣ ಬಳಿಯುವವ, ತಾನು ಚಿತ್ರಕಾರ. ಇದನ್ನು ಆತ ಬಂದ ಗಿರಾಕಿಗಳಿಗೆಲ್ಲ ತಾಳ್ಮೆಯಿಂದ ವಿವರಿಸುತ್ತಿದ್ದ. ಗಿರಾಕಿಗಳೂ ಅಷ್ಟೇ ತಾಳ್ಮೆಯಿಂದ ಕೇಳಿ, “ಆಯ್ತು, ಬೈಕಿನ ನಂಬರ್ ಪ್ಲೇಟ್ ಯಾವಾಗ ಸಿಗ್ತದೆ?” ಎಂದು ಕೇಳುತ್ತಿದ್ದರು.

ನಂಬರ್ ಪ್ಲೇಟಿನ ನಡುವೆ ಅವನಿಗೆ ಚಿತ್ರಕಾರನೆನ್ನಬಹುದಾದ ಒಂದು ಕೆಲಸವೂ ಇತ್ತು. ಪಕ್ಕದಲ್ಲೇ ಅಬ್ದುಲ್ ಶುಕೂರನ ಕ್ಯಾಸೆಟ್ ಅಂಗಡಿ. ಶಾರ್ಜಾದಲ್ಲಿ ನೀರಿನ ಟ್ಯಾಂಕರ್ ಓಡಿಸಿ ಸಾಕಾಗಿದ್ದ ಶುಕೂರ್ ತೊಂಬತ್ತನಾಲ್ಕರಲ್ಲಿ ಒಂದು ರೆಕಾರ್ಡಿಂಗ್ ಯಂತ್ರವನ್ನೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನೂ ಹೊತ್ತು ಊರಿಗೆ ಮರಳಿದ್ದ. ಊರಿನ ಭಜನೆ, ಬ್ಯಾರಿ ಮದುವೆಯ ಹಾಡು, ತುಳು ನಾಟಕ, ಯಕ್ಷಗಾನವನ್ನು ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆ ಎಲ್ಲವನ್ನೂ ಅವನು ಕ್ಯಾಸೆಟ್ ಮಾಡಿ ಮಾರುತ್ತಿದ್ದ. ಡಬ್ಬಿಯೊಳಗೆ ಇಡುವ ಕಾಗದಕ್ಕೆ ಚಿತ್ರ ಬರೆಯುವುದು ಕೂಸಪ್ಪನ ಪಾಲಿನ ಕೆಲಸ. ಭಜನೆಗೆ ದೀಪ, ಮದುವೆಗೆ ಗುಲಾಬಿ, ನಾಟಕಕ್ಕೆ ಹಲ್ಲು ಬಿಟ್ಟ ಗಂಡಸು. ಒಂದು ವರ್ಷ ಬರೆದ ಮೇಲೆ ಅವನ ಕೈಗೆ ಕಣ್ಣು ಬೇಕಾಗಲಿಲ್ಲ. ಆಚೆ ನೋಡಿಕೊಂಡು ಮಾತಾಡುತ್ತಲೇ ಗುಲಾಬಿ ಅರಳಿಸುತ್ತಿದ್ದ. ಆಯಾಸ ಶುರುವಾದದ್ದೂ ಅಲ್ಲಿಂದಲೇ.

ಶುಕೂರ್ ತಂದ ಪೆಟ್ಟಿಗೆಯಲ್ಲಿ ಇದ್ದದ್ದು, ಶಾರ್ಜಾದ ಅಂಗಡಿಯೊಂದು ಬಾಗಿಲು ಹಾಕುವಾಗ ತೂಕದ ಲೆಕ್ಕದಲ್ಲಿ ಮಾರಿದ ಇಂಗ್ಲಿಷ್ ಕ್ಯಾಸೆಟ್ಟುಗಳು. ಕ್ಯಾಸೆಟ್ಟಿನ ನೆತ್ತಿಯ ಮೇಲಿನ ಎರಡು ಕಿಂಡಿಗಳಿಗೆ ಅಂಟು ಟೇಪು ಹಚ್ಚಿದರೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಶುಕೂರನ ಲೆಕ್ಕಾಚಾರವೂ ಅದೇ ಆಗಿತ್ತು. ಹಳೆಯ ಕಾಗದ ತೆಗೆದು ಹೊಸ ಕಾಗದ ಹಾಕಲು ಪೆಟ್ಟಿಗೆಯನ್ನು ಕೂಸಪ್ಪನ ಮುಂದೆ ತಂದಿಟ್ಟ. ಕೂಸಪ್ಪ ಮೊದಲನೆಯ ಕಾಗದ ಎಳೆದು ನೋಡಿದವನು ಮಧ್ಯಾಹ್ನದ ಊಟ ಮರೆತ.

ಆ ಕಾಗದದಲ್ಲಿ ತಲೆ ಬೋಳಿಸಿದ ಕಪ್ಪು ಗಂಡಸೊಬ್ಬ ಕೈಕಟ್ಟಿ ನಿಂತಿದ್ದ. ಕೊರಳಲ್ಲಿ ದನ ಕಟ್ಟುವಷ್ಟು ದಪ್ಪದ ಚಿನ್ನದ ಸರ. ಆದರೆ ಕೂಸಪ್ಪ ನೋಡಿದ್ದು ಅವನನ್ನಲ್ಲ, ಹಿಂದಿನ ಗೋಡೆಯ ಮೇಲಿನ ಅಕ್ಷರಗಳನ್ನು. ಅವು ಉಬ್ಬಿದ್ದವು, ಒಂದರ ಮೇಲೊಂದು ಒರಗಿದ್ದವು, ಸಂತೆಗೆ ಹೊರಟ ಜೀಪಿನಲ್ಲಿ ಜನ ಕುಳಿತ ಹಾಗೆ ಒಂದರ ಮಡಿಲಲ್ಲಿ ಒಂದಿದ್ದವು. ಕೆಲವಕ್ಕೆ ಬಾಣದ ಬಾಲ, ಕೆಲವಕ್ಕೆ ಕಿರೀಟ. ಅಕ್ಷರವೆಂದರೆ ಗೆರೆ ಹಾಕಿ ಅದರ ಮೇಲೆ ಕೂರಿಸುವಂಥದ್ದು ಎಂದುಕೊಂಡಿದ್ದ ಕೂಸಪ್ಪನಿಗೆ, ಇಷ್ಟು ದಿನ ತನ್ನ ಅಕ್ಷರಗಳು ಶಾಲೆಯಲ್ಲಿ ಕೈಕಟ್ಟಿ ಕುಳಿತಿದ್ದವು, ಇವು ಬೆಲ್ ಹೊಡೆದು ಹೊರಗೆ ಬಿದ್ದಿವೆ ಅನ್ನಿಸಿತು.

“ಶುಕೂರಾಕ, ಇವುಗಳ ಮೇಲೆ ಈಗಲೇ ರೆಕಾರ್ಡ್ ಮಾಡ್ಬೇಡಿ,” ಎಂದ. “ನಾನು ಒಮ್ಮೆ ಕೇಳ್ತೇನೆ.”

“ಇಂಗ್ಲಿಷ್ ಅರ್ಥ ಆಗ್ತದಾ ನಿನಗೆ?”

“ಚಿತ್ರಕ್ಕೆ ಅರ್ಥ ಬೇಡ.”

ಹೀಗೆ ಕೂಸಪ್ಪನ ಹಿಪ್‌ಹಾಪ್ ಶೈಲಿ ಹುಟ್ಟಿತು. ಆ ಹೆಸರನ್ನು ಹೇಳಿಕೊಟ್ಟವಳು ಅವನ ಹೆಂಡತಿ ಕಾಂತಿಯ ಅಕ್ಕನ ಮಗಳು, ಕಾಲೇಜಿಗೆ ಹೋಗುತ್ತಿದ್ದ ಸಾತ್ವಿಕಾ. ಅವಳು ಒಂದು ಬದಿ ಪೂರ್ತಿ ಕೇಳಿದಳು. ಕಿವಿ ಕೆಂಪಗಾಯಿತು.

“ಚಿಕ್ಕಪ್ಪ, ಇದರಲ್ಲಿ ಬರೀ ಬೈಗುಳ ಉಂಟು.”

“ತಾಳಮದ್ದಲೆಯಲ್ಲಿ ಬೈಯುವುದಿಲ್ಲವಾ?” ಎಂದು ಕೂಸಪ್ಪ ಕೇಳಿದ. “ಒಬ್ಬ ಕೂತಲ್ಲೇ ತನ್ನನ್ನು ಹೊಗಳಿಕೊಳ್ಳುವುದು, ಎದುರಿನವನನ್ನು ಹಳಿಯುವುದು, ಹಿಂದೆ ಮದ್ದಲೆ. ಇದೂ ಅದೇ.”

ಈ ಸಿದ್ಧಾಂತವನ್ನು ಕಂಡುಹಿಡಿದ ದಿನದಿಂದ ಕೂಸಪ್ಪನ ನಡಿಗೆ ಬದಲಾಯಿತು. ಹೋಟೆಲಿನಲ್ಲಿ ಚಹಾ ಕುಡಿಯುವವರು ಅಮೆರಿಕದ ಕರಿಯರಿಗೂ ಕರಾವಳಿಯ ತಾಳಮದ್ದಲೆಯಲ್ಲಿ ಮಾತಾಡುವ ಅರ್ಥಧಾರಿಗಳಿಗೂ ಇರುವ ಸಂಬಂಧವನ್ನು ಕೇಳಲೇಬೇಕಾಯಿತು. ಬನ್ಸ್ ತಿನ್ನುವವರು ಬೇಗ ತಿಂದೆದ್ದರು.

ಅವನ ಕೆಲಸದ ಕ್ರಮವೂ ಬದಲಾಯಿತು. ಬೆಳಿಗ್ಗೆ ವೇಣೂರಿನ ರಸ್ತೆಯ ಬದಿಗಿದ್ದ ಪೆರಿಂಜೆಯ ಮನೆಯ ಜಗಲಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಕೇಳುವುದು. ಆಗ ಪೆನ್ಸಿಲ್ ಮುಟ್ಟುವಂತಿಲ್ಲ. ಎರಡನೆಯ ಬದಿ ಹಾಕಿದಾಗ ಹಳೆಯ ಮದುವೆ ಕಾಗದದ ಬೆನ್ನ ಮೇಲೆ ಗೆರೆ ಎಳೆಯುವುದು, ತಾಳದ ಪೆಟ್ಟು ಬಿದ್ದಲ್ಲಿ ದಪ್ಪ, ಮಾತು ಓಡಿದಲ್ಲಿ ಸಪೂರ. ಆಮೇಲೆ ಆ ಗೆರೆಗಳ ರಾಶಿಯೊಳಗೆ ಅಕ್ಷರ ಹುಡುಕುವುದು. ಕನ್ನಡದ ಅಕ್ಷರಗಳು ಮೊದಲೇ ಗುಂಡಗಿದ್ದು, ಉಬ್ಬಿಸಲು ಹೇಳಿ ಮಾಡಿಸಿದಂತಿವೆ ಎಂದು ಅವನಿಗೆ ಗೊತ್ತಾಯಿತು. ತಲೆಕಟ್ಟನ್ನು ಹಿಂದುಮುಂದಾಗಿ ಇಟ್ಟ ಟೊಪ್ಪಿ ಮಾಡಿದ. ಒತ್ತಕ್ಷರಗಳಿಗೆ ದೊಡ್ಡ ಬೂಟು ತೊಡಿಸಿದ. ಗೆರೆ ತಪ್ಪಿದರೆ ಅಳಿಸುವುದಿಲ್ಲ, ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಮೊದಲಿನಿಂದ.

ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಕಾಂತಿ ಬೀಡಿ ಕಟ್ಟುತ್ತಿದ್ದಳು. ಗಂಡ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

“ಇದನ್ನೇ ಮತ್ತೆ ಹಾಕ್ತೀರಾ?”

“ಅಕ್ಷರ ಇನ್ನೂ ಕೂತಿಲ್ಲ.”

“ನನ್ನ ತಲೆಯಲ್ಲಿ ಕೂತಾಯ್ತು. ಅಲ್ಲಿಂದ ತೆಗೆದು ಬರೆಯಿರಿ.”

ಶೈಲಿಯ ಮೊದಲ ಗಿರಾಕಿ ನಿವೃತ್ತ ಹೆಡ್‌ಮಾಸ್ತರ್ ಸುಬ್ಬಪ್ಪನವರು. ಅವರು ಹವ್ಯಾಸಿ ಅರ್ಥಧಾರಿ, ತಮ್ಮ ತಾಳಮದ್ದಲೆಯ ಕ್ಯಾಸೆಟ್ ಬಂದರೆ ಜಿಲ್ಲೆ ಬದಲಾಗುತ್ತದೆಂದು ನಂಬಿದ್ದವರು. ಕೂಸಪ್ಪ ಅವರನ್ನು ಕೈಕಟ್ಟಿ ನಿಲ್ಲಿಸಿ, ಹಿಂದೆ ಉಬ್ಬಿದ ಅಕ್ಷರಗಳ ಗೋಡೆ ಕಟ್ಟಿದ್ದ. ಮಾಸ್ತರರು ಕನ್ನಡಕ ಏರಿಸಿ ನೋಡಿದರು.

“ಕೊರಳಲ್ಲಿ ಇದೇನು?”

“ಚೈನು, ಮಾಸ್ಟ್ರೇ.”

“ನಾನು ಚೈನು ಹಾಕುವುದಿಲ್ಲ.”

“ಅದು ಶೈಲಿ.”

“ಶೈಲಿ ನಿನ್ನ ಕೊರಳಲ್ಲಿ ಇರಲಿ. ನನಗೊಂದು ಶಾಲು ಬರೆ. ಹಿಂದೆ ದೀಪ ಇಡು.”

ಕೂಸಪ್ಪ ದೀಪ ಇಟ್ಟ. ಆಮೇಲಿನ ವರ್ಷಗಳಲ್ಲಿ ಇಟ್ಟ ದೀಪಗಳನ್ನು ಸಾಲಾಗಿ ಹಚ್ಚಿದ್ದರೆ ಮೂಡುಬಿದಿರೆಯಿಂದ ವೇಣೂರಿನವರೆಗೆ ಕರೆಂಟ್ ಬೇಕಾಗುತ್ತಿರಲಿಲ್ಲ. ಉಬ್ಬಿದ ಅಕ್ಷರಗಳು ಮನೆಯಲ್ಲೇ, ಮದುವೆ ಕಾಗದಗಳ ಬೆನ್ನಲ್ಲೇ ಉಳಿದವು. ಎರಡು ಸಾವಿರ ಇಸವಿ ಬಂತು. ಕ್ಯಾಸೆಟ್ ಹೋಗಿ ಸೀಡಿ ಬಂತು. ಪೇಟೆಗೆ ಫ್ಲೆಕ್ಸ್ ಮಾಡುವವನು ಬಂದ. ಅವನು ಬೆಳಿಗ್ಗೆ ಫೋಟೋ ಕೊಟ್ಟರೆ ಸಂಜೆಗೆ ಮನೆಯ ಗಾತ್ರದ ಮುಖ ತೆಗೆದುಕೊಡುತ್ತಿದ್ದ, ಅದರಲ್ಲಿ ಮೂಗಿನ ಬೆವರೂ ಕಾಣುತ್ತಿತ್ತು. ಕೂಸಪ್ಪನ ಬಲಭುಜಕ್ಕೆ ಆಗಲೇ ನೋವು ಹಿಡಿದಿತ್ತು. ನಲವತ್ತು ದಾಟಿದ ಅವನಿಗೆ ಈಗ ಹೆಚ್ಚು ಆಸೆಗಳಿರಲಿಲ್ಲ. ಒಂದೇ ಒಂದು ಚಿತ್ರ, ದೊಡ್ಡದು, ತನ್ನ ಕ್ರಮದಲ್ಲಿ, ಯಾರೂ ಶಾಲು ಹೊದೆಸದೆ, ಎಲ್ಲರೂ ನೋಡುವ ಜಾಗದಲ್ಲಿ ಇರಬೇಕು. ಅಷ್ಟಾದರೆ ಅಂಗಡಿ ಮುಚ್ಚಿದರೂ ಅಡ್ಡಿಯಿಲ್ಲ ಎಂದು ಶುಕೂರನಿಗೆ ಹೇಳುತ್ತಿದ್ದ. ದಿನಾ ಹೇಳುತ್ತಿದ್ದ.

ಶುಕೂರನೇ ಮೊದಲು ಅಂಗಡಿ ಮುಚ್ಚಿದ. ಕ್ಯಾಸೆಟ್ಟಿನಲ್ಲಿ ಇನ್ನೇನೂ ಇಲ್ಲ ಎಂದು ಒಂದು ಹಳೆಯ ಬಸ್ಸು ಕೊಂಡ. ಬೆಳುವಾಯಿಯಿಂದ ಹೊರಟು ಮೂಡುಬಿದಿರೆ, ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ಮಾರ್ಗವಾಗಿ ಧರ್ಮಸ್ಥಳಕ್ಕೆ ಲೈನು. ತಡವಾಗಿ ಹುಟ್ಟಿದ ಮಗಳು ಹನಾಳ ಹೆಸರನ್ನೇ ಬಸ್ಸಿಗೆ ಇಡುವುದೆಂದು ಅವನ ಹೆಂಡತಿ ರುಕಿಯಾ ಮೊದಲೇ ತೀರ್ಮಾನಿಸಿದ್ದಳು.

“ಬಣ್ಣ ನೀನೇ ಮಾಡು ಮಾರಾಯ,” ಎಂದ ಶುಕೂರ್. “ನಿನ್ನ ತಲೆಯಲ್ಲಿ ಏನುಂಟೋ ಅದನ್ನೇ ಬರೆ. ಯಾರೂ ತಿದ್ದುವುದಿಲ್ಲ. ಮಾತು ಕೊಟ್ಟಿದ್ದೇನೆ.”

ಒಂಬತ್ತು ವರ್ಷ ಗೋಡೆಯ ಆಚೆ ಕುಳಿತು ಆ ಶೈಲಿಯ ವಿಷಯ ಕೇಳಿದ ಮನುಷ್ಯ ಅವನು. ಒಮ್ಮೆ ಹೊರಗೆ ಬಂದು ಮುಗಿಯಲಿ ಎಂಬುದೂ ಆ ಮಾತಿನಲ್ಲಿತ್ತು. ಕೂಸಪ್ಪನಿಗೆ ಅದು ಕೇಳಿಸಲಿಲ್ಲ.

ಬಂಟ್ವಾಳದಲ್ಲಿ ಬಸ್ಸುಗಳ ಮೈ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೂಸಪ್ಪ ಟೇಪ್ ರೆಕಾರ್ಡರ್ ಸಮೇತ ಬೀಡುಬಿಟ್ಟ. ಪುಟ್ಟಿ ಹಚ್ಚಿ ಉಜ್ಜಿ ನುಣುಪು ಮಾಡಿದ ತಗಡಿನ ಮುಂದೆ ಎರಡು ದಿನ ಬರೀ ಕೇಳುತ್ತ ಕುಳಿತ. ವೆಲ್ಡಿಂಗಿನವರು ಬಂದು, ಇವರು ಬಣ್ಣ ಹಚ್ಚಲು ಬಂದವರೋ ಹಾಡು ಕೇಳಲು ಬಂದವರೋ ಎಂದು ಯಜಮಾನನನ್ನು ವಿಚಾರಿಸಿಕೊಂಡು ಹೋದರು. ಮೂರನೆಯ ದಿನ ಸೀಮೆಸುಣ್ಣ ಹಿಡಿದ. ಬಸ್ಸಿನ ಎರಡೂ ಬದಿಯಲ್ಲಿ ‘ಹ’ ಹೊಟ್ಟೆ ಬಿಟ್ಟುಕೊಂಡು ನಿಂತಿತು. ‘ನಾ’ ಅದರ ಹೆಗಲ ಮೇಲೆ ಕೈಹಾಕಿ ಒರಗಿತು. ಎರಡಕ್ಕೂ ಹಿಂದುಮುಂದು ಟೊಪ್ಪಿ. ಸುತ್ತ ಸ್ಪೀಕರ್ ಪೆಟ್ಟಿಗೆಗಳು, ನಡುವೆ ಚೆಂಡೆ, ಅಂಚಿನಿಂದ ಸುರಿಯುವ ಬಣ್ಣದ ಹನಿಗಳು. ಬಲಬದಿಯಲ್ಲಿ ಮಾತ್ರ ಇವುಗಳ ಜೊತೆಗೆ ಬೋಳುತಲೆಯ ಗಂಡಸೊಬ್ಬ ಕೈಕಟ್ಟಿ ನಿಂತ. ಡ್ರೈವರನ ಬಾಗಿಲು ಅವನ ಕುತ್ತಿಗೆಯ ಮೇಲೆಯೇ ಬಂದದ್ದರಿಂದ, ಡ್ರೈವರ್ ಇಳಿಯುವಾಗಲೆಲ್ಲ ಅವನ ತಲೆ ತೆರೆದುಕೊಳ್ಳುತ್ತಿತ್ತು. ಭುಜದ ನೋವಿಗೆ ಕೂಸಪ್ಪ ಎಡಗೈಯಿಂದ ಬಲಮೊಣಕೈ ಹಿಡಿದುಕೊಂಡು ಬರೆದ. ಮುಗಿದ ದಿನ ದೂರ ನಿಂತು ನೋಡಿದ. ತಿದ್ದಲು ಏನೂ ಕಾಣಲಿಲ್ಲ. ಅದು ಅವನಿಗೆ ಹೊಸದು.

ಬಸ್ಸು ಲೈನಿಗೆ ಇಳಿಯಿತು. ಕಂಡಕ್ಟರ್ ಚಿನ್ನಯ್ಯ ಮೆಟ್ಟಿಲಲ್ಲಿ ನೇತಾಡಿಕೊಂಡು ಊರುಗಳ ಹೆಸರು ಕೂಗಿದ. ಸ್ಟಾಪಿನಲ್ಲಿ ನಿಂತವರು ಮಾತು ನಿಲ್ಲಿಸಿ ನೋಡಿದರು. ಮಕ್ಕಳನ್ನು ಎತ್ತಿ ತೋರಿಸಿದರು. ಕೈ ಮಾತ್ರ ಯಾರೂ ಅಡ್ಡ ಹಿಡಿಯಲಿಲ್ಲ. ಹಿಂದಿನ ಬಸ್ಸು ಬಂದು ಅವರನ್ನೆಲ್ಲ ತುಂಬಿಕೊಂಡು ಹೋಯಿತು. ಎರಡನೆಯ ದಿನವೂ ಹಾಗೆ. ಧರ್ಮಸ್ಥಳ ತಲುಪುವಾಗ ಬಸ್ಸಿನಲ್ಲಿ ಡ್ರೈವರ್, ಚಿನ್ನಯ್ಯ, ಮತ್ತೆ ನಿದ್ದೆ ಹೋಗಿ ತನ್ನ ಊರು ದಾಟಿಹೋಗಿದ್ದ ಒಬ್ಬ ಮುದುಕ.

ಮೂರನೆಯ ದಿನ ಕೂಸಪ್ಪ ತಾನೇ ಬಸ್ಸು ಹತ್ತಿದ. ಜನರಿಗೆ ಹೊಸ ಶೈಲಿಯನ್ನು ಯಾರೂ ವಿವರಿಸಿಲ್ಲ, ತೊಂದರೆ ಅಷ್ಟೇ ಎಂಬುದು ಅವನ ತೀರ್ಮಾನ. ವೇಣೂರಿನಲ್ಲಿ ಬಸ್ಸು ನಿಂತಾಗ ಕೈಯಲ್ಲಿ ಬಾಳೆಗೊನೆ ಹಿಡಿದ ಒಬ್ಬರು ಹತ್ತಿರ ಬಂದು, ಚಿತ್ರವನ್ನು ಬೆರಳಲ್ಲಿ ಮುಟ್ಟಿ, ಚಿನ್ನಯ್ಯನ ಕಡೆ ತಿರುಗಿದರು.

“ಇವತ್ತು ಆಟ ಎಲ್ಲಿ?”

ಆಟವೆಂದರೆ ಯಕ್ಷಗಾನ. ಆ ರಸ್ತೆಯಲ್ಲಿ ಇಷ್ಟು ಬಣ್ಣ ಬಳಿದುಕೊಂಡು ಹಗಲು ಹೊತ್ತು ಓಡುವ ವಾಹನವೆಂದರೆ ಮೇಳದ್ದು ಮಾತ್ರ, ರಾತ್ರಿ ಒಂದೂರಲ್ಲಿ ಕುಣಿದ ಕಲಾವಿದರನ್ನು ಮರುದಿನ ಇನ್ನೊಂದೂರಿಗೆ ಒಯ್ಯುವಂಥದ್ದು. ಅದೂ ಆಟಗಳ ಕಾಲ. ಚೆಂಡೆ ಬೇರೆ ಬರೆದಿದೆ.

“ಆಟ ಅಲ್ಲ ಮಾರಾಯ್ರೆ, ಇದು ಧರ್ಮಸ್ಥಳಕ್ಕೆ,” ಎಂದ ಚಿನ್ನಯ್ಯ.

“ಧರ್ಮಸ್ಥಳದಲ್ಲಿ ಆಟವಾ?”

“ಲೈನ್ ಬಸ್ಸು ಅಂತ ಹೇಳಿದ್ದು.”

ಬಾಳೆಗೊನೆಯವರು ನಂಬದೆ ಇನ್ನೊಂದು ಬದಿಗೆ ಸುತ್ತಿಬಂದು ಬೋಳುತಲೆಯವನನ್ನು ನೋಡಿದರು. “ಇದು ಯಾವ ವೇಷ? ಕಿರೀಟ ಇಲ್ಲವಲ್ಲ.”

ಕೂಸಪ್ಪ ಇಳಿದ. ಇಂಥ ಒಂದು ಪ್ರಶ್ನೆಗೆ ಅವನು ಒಂಬತ್ತು ವರ್ಷ ಕಾದಿದ್ದ. ಅಮೆರಿಕದಿಂದ ಶುರುಮಾಡಿದ. ಜನ ಸೇರಿದರು. ಪೆಟ್ಟು ಬೀಳುವಲ್ಲಿ ಗೆರೆ ಹೇಗೆ ದಪ್ಪವಾಗುತ್ತದೆಂದು ಗಾಳಿಯಲ್ಲಿ ತೋರಿಸಿದ. ಎಲ್ಲರೂ ತಲೆಯಾಡಿಸಿದರು. ಅವನು ಅರ್ಥಧಾರಿಗಳವರೆಗೆ ಬಂದಾಗ ಹಿಂದಿನ ಬಸ್ಸು ಬಂತು. ಕೇಳುತ್ತಿದ್ದವರೆಲ್ಲ ಅದನ್ನು ಹತ್ತಿದರು. ಬಾಳೆಗೊನೆಯವರು ಕಿಟಕಿಯಿಂದ ತಲೆ ಹೊರಹಾಕಿ, “ಚಂದ ಉಂಟು. ಆಟ ಇದ್ದರೆ ನೋಟೀಸು ಹಂಚಿ,” ಎಂದರು.

ಚಿನ್ನಯ್ಯ ಸೀಟಿ ಊದಲಿಲ್ಲ, ಬಸ್ಸಿನ ತಗಡಿಗೆ ಎರಡು ಬಡಿದ. “ಹೋಗುವ ಕೂಸಪ್ಪಣ್ಣ,” ಎಂದ. ಅಷ್ಟು ಮೆತ್ತಗೆ ಅವನು ಯಾವ ಪ್ರಯಾಣಿಕನನ್ನೂ ಕರೆದವನಲ್ಲ.

ಎರಡು ದಿನ ಬಿಟ್ಟು ಶುಕೂರ್ ಅಂಗಡಿಗೆ ಬಂದ. ರುಕಿಯಾ ಮಾಡಿದ ಪತ್ತಿರ್ ಎಂಬ ಅಕ್ಕಿರೊಟ್ಟಿಯ ಪೊಟ್ಟಣ ಮೇಜಿನ ಮೇಲಿಟ್ಟ. ಸೆಖೆಯ ವಿಷಯ ಮಾತಾಡಿದ. ಗುರುವಾಯನಕೆರೆಯ ಹತ್ತಿರ ರಸ್ತೆ ಹಾಳಾದ ವಿಷಯ ಮಾತಾಡಿದ. ಹನಾ ಈಗ ಬಸ್ಸು ಕಂಡರೆ ಚಪ್ಪಾಳೆ ತಟ್ಟುತ್ತಾಳೆ ಎಂದ.

“ಬಸ್ಸು ಚಂದ ಉಂಟು,” ಎಂದ ಕೊನೆಗೆ.

“ಜನ ಇಲ್ಲ, ಅಲ್ವಾ?” ಎಂದ ಕೂಸಪ್ಪ.

“ನಾನು ಹಾಗೆ ಹೇಳ್ಲಿಲ್ಲ.”

“ಇಲ್ಲಿಯ ಜನಕ್ಕೆ ಕಲೆ ಅಂದ್ರೆ ಏನಂತ ಗೊತ್ತಿಲ್ಲ, ಶುಕೂರಾಕ.”

“ಗೊತ್ತಿದ್ದದ್ದೇ ತೊಂದರೆ,” ಎಂದ ಶುಕೂರ್. “ಕಲೆ ಅಂತ ಗೊತ್ತಾಗಿಯೇ ಅವರು ಹತ್ತುವುದಿಲ್ಲ. ಮೇಳದ ಬಸ್ಸಿಗೆ ಟಿಕೆಟ್ ಮಾಡಿ ಹತ್ತಿದವರುಂಟಾ?”

ಕೂಸಪ್ಪ ಒಂದು ನಂಬರ್ ಪ್ಲೇಟನ್ನು ಎತ್ತಿ ಒರೆಸತೊಡಗಿದ. ಅದು ಮೊದಲೇ ಒರೆಸಿಟ್ಟದ್ದು.

“ಅಳಿಸ್ಬೇಕಾ?”

“ನಾನು ಮಾತು ಕೊಟ್ಟಿದ್ದೇನೆ. ಯಾರೂ ತಿದ್ದುವುದಿಲ್ಲ ಅಂತ. ನಾನು ತಿದ್ದುವುದಿಲ್ಲ.” ಶುಕೂರ್ ಎದ್ದು ನಿಂತ. “ಬಸ್ಸು ಹೀಗೇ ಓಡಿದರೆ ಮಳೆಗಾಲಕ್ಕೆ ಮೊದಲು ಮಾರ್ತೇನೆ. ನಾನು ಮತ್ತೆ ಟ್ಯಾಂಕರ್ ಓಡಿಸ್ಲಿಕ್ಕೆ ಹೋಗ್ತೇನೆ. ಅದು ಬೇರೆ ವಿಷಯ. ಪತ್ತಿರ್ ಆರಿಸ್ಬೇಡ.”

ಬೈದಿದ್ದರೆ ಕೂಸಪ್ಪನಿಗೆ ಅನುಕೂಲವಾಗುತ್ತಿತ್ತು. ಅರ್ಥವಾಗದ ಊರಿನಲ್ಲಿ ಹುಟ್ಟಿದ ಕಲಾವಿದನ ಭಾಷಣ ಅವನಲ್ಲಿ ಸಿದ್ಧವಾಗಿತ್ತು, ಅದನ್ನು ಹೇಳಿ ಅಂಗಡಿಗೆ ಬಾಗಿಲು ಹಾಕಬಹುದಿತ್ತು. ಆದರೆ ಕೊಟ್ಟ ಮಾತನ್ನು ಈ ಮನುಷ್ಯ ಮೇಜಿನ ಮೇಲಿಟ್ಟು ಹೋಗಿಬಿಟ್ಟಿದ್ದ, ಪತ್ತಿರಿನ ಪಕ್ಕದಲ್ಲಿ. ಕೂಸಪ್ಪ ಆ ಸಂಜೆ ಮನೆಗೆ ಬಂದವನು ಟೇಪ್ ರೆಕಾರ್ಡರ್ ಮುಟ್ಟಲಿಲ್ಲ. ಕಾಂತಿಗೆ ಕಿವಿ ಖಾಲಿಯಾದಂತಾಯಿತು.

“ಏನಾಯ್ತು?”

“ಸುಸ್ತು.”

“ಬಸ್ಸಿನದ್ದಾ?”

“ನಾನು ಬರೆದದ್ದು ಇರ್ಬೇಕು. ಅವರ ಬಸ್ಸೂ ಇರ್ಬೇಕು. ಎರಡೂ ಒಟ್ಟಿಗೆ ಇರುವುದಿಲ್ಲವಂತೆ.”

ಕಾಂತಿ ಬೀಡಿಯ ಮೊರವನ್ನು ಮಡಿಲಿಂದ ಇಳಿಸಿದಳು. “ಬಸ್ಸಿಗೆ ಬಾಗಿಲು ಒಂದೇ ಬದಿ ಅಲ್ವಾ ಇರುವುದು?” ಎಂದಳು. ಅವಳು ಕೇಳಿದ್ದು ಬೇರೇನೂ ಯೋಚಿಸಿಯಲ್ಲ. ವೇಣೂರಿನ ಸಂತೆಗೆ ಹೋಗುವಾಗ ತಪ್ಪು ಬದಿಯಲ್ಲಿ ನಿಂತು ಬಸ್ಸು ತಪ್ಪಿಸಿಕೊಂಡದ್ದು ಅವಳಿಗೆ ನೆನಪಾಗಿತ್ತು, ಅಷ್ಟೆ.

ಮರುದಿನ ಬೆಳಿಗ್ಗೆ ಕೂಸಪ್ಪ ಶುಕೂರನ ಮನೆಗೆ ಹೋದ. “ಹತ್ತುವವರು ನೋಡುವುದು ಎದುರು ಮತ್ತು ಎಡಬದಿ,” ಎಂದ. “ಅವೆರಡನ್ನೂ ಸಾದಾ ಮಾಡ್ತೇನೆ. ಬಿಳಿ ಬಣ್ಣ, ಕೆಂಪು ಅಕ್ಷರ, ಎಲ್ಲ ಬಸ್ಸಿನ ಹಾಗೆ. ಬಲಬದಿ ಮಾತ್ರ ಇರಲಿ. ಅದನ್ನು ಎದುರಿಂದ ಬರುವ ವಾಹನದವರು ಬಿಟ್ಟರೆ ಯಾರೂ ನೋಡುವುದಿಲ್ಲ.”

ಯಾರೂ ನೋಡುವುದಿಲ್ಲ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಅವನಿಗೆ ಆಮೇಲೆ ಕೇಳಿಸಿತು.

ಶುಕೂರ್ ಬೇಡ ಎನ್ನಲಿಲ್ಲ. “ಎಫ್‌ಸಿ ತನಕ ಇರಲಿ,” ಎಂದ.

ವರ್ಷಕ್ಕೊಮ್ಮೆ ಬಸ್ಸನ್ನು ಸರಕಾರದ ಪರೀಕ್ಷೆಗೆ ಒಯ್ಯುವುದಕ್ಕೆ ಎಫ್‌ಸಿ ಎನ್ನುತ್ತಾರೆ. ಒಯ್ಯುವ ಮೊದಲು ಪೂರ್ತಿ ಹೊಸ ಬಣ್ಣ ಹೊಡೆಯುವುದು ಎಲ್ಲ ಬಸ್ಸಿನವರ ಕ್ರಮ. ಒಂಬತ್ತು ವರ್ಷ ಕಾದು ಬರೆದದ್ದರ ಆಯುಷ್ಯ ಒಂದು ವರ್ಷ ಎಂಬುದು ಕೂಸಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಇನ್ನೊಬ್ಬರು ಹೇಳಿದಾಗ ಮಾತ್ರ ಅದು ಗೊತ್ತಾದ ಹಾಗಾಯಿತು.

“ಆಯ್ತು,” ಎಂದ. “ಎಫ್‌ಸಿ ತನಕ.”

ಎಡಬದಿಯನ್ನು ಅವನೇ ಉಜ್ಜಿದ, ಬೇರೆಯವರಿಗೆ ಕೊಡಲಿಲ್ಲ. ನೀರು ಹಚ್ಚಿದ ಮರಳುಕಾಗದ ಹಿಡಿದು ಮೊದಲು ಟೊಪ್ಪಿಗಳನ್ನು ತೆಗೆದ, ಆಮೇಲೆ ಹೊಟ್ಟೆ, ಆಮೇಲೆ ಚೆಂಡೆ. ನೇರಳೆ ನೀರು ಮೊಣಕೈಯಿಂದ ಇಳಿಯಿತು. ಬರೆಯುವಾಗ ನೋಯುತ್ತಿದ್ದ ಭುಜ ಉಜ್ಜುವಾಗ ಅಷ್ಟು ನೋಯಲಿಲ್ಲ. ಇದಕ್ಕೆ ಹಾಡು ಬೇಕಾಗುವುದಿಲ್ಲ ಎಂದು ವೆಲ್ಡಿಂಗಿನವರಿಗೆ ಹೇಳಿದ. ಅವರು ನಗಲಿಲ್ಲ. ಬಿಳಿ ಒಣಗಿದ ಮೇಲೆ ಗೆರೆ ಹಾಕಿ, ಗೆರೆಯ ಮೇಲೆ ‘ಹನಾ’ ಎಂದು ಕೆಂಪಿನಲ್ಲಿ ಕೂರಿಸಿದ. ಕೈ ಅದನ್ನು ನೋಡದೆಯೇ ಬರೆಯಿತು.

“ಈಗ ಬಸ್ಸಿನ ಹಾಗೆ ಉಂಟು,” ಎಂದ ಚಿನ್ನಯ್ಯ. ಅದೇ ವಾರದಿಂದ ಬಸ್ಸು ತುಂಬಿತು. ಹತ್ತಿದವರಲ್ಲಿ ಹೆಚ್ಚಿನವರಿಗೆ ಬಲಬದಿಯಲ್ಲಿ ಒಬ್ಬ ನಿಂತಿದ್ದಾನೆಂಬುದೇ ಗೊತ್ತಾಗಲಿಲ್ಲ. ಇಳಿದವರೂ ಎಡಕ್ಕೇ ಇಳಿದು, ಎಡಕ್ಕೇ ಹೋದರು.

ಕಾಂತಿ ಅದುವರೆಗೆ ಆ ಚಿತ್ರ ನೋಡಿರಲಿಲ್ಲ. ಒಂದು ಬೆಳಿಗ್ಗೆ ಕಟ್ಟಿದ ಬೀಡಿಯನ್ನು ಬುಟ್ಟಿಗೆ ತುಂಬಿ ಅದನ್ನು ಒಪ್ಪಿಸುವ ಬೀಡಿ ಕಂಪೆನಿಯ ಬ್ರಾಂಚಿಗೆ ಹೊರಟವಳು ಮನೆಯ ಮುಂದೆ ನಿಂತಳು. ಕೂಸಪ್ಪನೂ ಪೇಟೆಗೆ ಹೊರಟು ಅಲ್ಲೇ ನಿಂತಿದ್ದ. ರಸ್ತೆಯ ಆಚೆ ಬದಿಯಲ್ಲಿ ವೇಣೂರಿನ ಕಡೆ ಹೋಗುವ ಹನಾ ಬಂದು ನಿಂತಿತು. ಬಲಬದಿ ಇವರ ಕಡೆಗಿತ್ತು.

“ಈ ಹೊಟ್ಟೆ ದೊಡ್ಡವ ಯಾರು?” ಎಂದಳು ಕಾಂತಿ.

“ಅದು ಅಕ್ಷರ. ಹ.”

“ಹೌದಾ.” ಅವಳು ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. “ಅದರ ಹಿಂದೆ ಹಸಿರಲ್ಲಿ ಏನೋ ಬರೆದಿದ್ದೀರಲ್ಲ, ಅದೇನು?”

ಅವನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಚೆ ಬದಿಯಿಂದ ಚಿನ್ನಯ್ಯನ ಸೀಟಿ ಕೇಳಿಸಿತು. ಬಸ್ಸು ಹೊಗೆ ಬಿಟ್ಟು ಹೊರಟಿತು. ಚಿತ್ರ ಉದ್ದಕ್ಕೆ ಎಳೆದುಕೊಂಡು ತಿರುವಿನಲ್ಲಿ ಮರೆಯಾಯಿತು.

“ಪೂರ್ತಿ ನೋಡ್ಲಿಕ್ಕೆ ಆಗ್ಲಿಲ್ಲ,” ಎಂದಳು. “ನಾಳೆ ಎಷ್ಟು ಹೊತ್ತಿಗೆ ಬರ್ತದೆ?”

“ಇದೇ ಹೊತ್ತಿಗೆ.”

“ನಾಳೆ ನನಗೆ ಬೇಗ ಹೋಗ್ಲಿಕ್ಕುಂಟು. ಸಂಜೆ ವಾಪಸು ಬರುವುದಿಲ್ಲವಾ?”

“ಬರ್ತದೆ. ಆಗ ನಮ್ಮ ಕಡೆ ಎಡಬದಿ ಇರ್ತದೆ. ಬರೀ ಬಿಳಿ. ಇದನ್ನು ನೋಡ್ಬೇಕಾದ್ರೆ ರಸ್ತೆಯ ಆಚೆ ಹೋಗಿ ನಿಲ್ಬೇಕು.”

ಕಾಂತಿ ರಸ್ತೆಯನ್ನು ನೋಡಿದಳು, ಆಚೆ ಬದಿಯ ಚರಂಡಿಯನ್ನು ನೋಡಿದಳು.

“ಹಾಗಾದ್ರೆ ದಾಟುವ,” ಎಂದಳು.